ತಂಡೇಲನ ತಪ್ಪು

ವಕೀಲ ಮೋಹನದಾಸರ ಬಿಜೈ ಮನೆಗೆ ನಾನು ಮೀನು ಹೊತ್ತು ಹೋಗಲು ಶುರುಮಾಡಿದ್ದು ಮದುವೆಯಾದ ವರ್ಷ. ಅಷ್ಟು ಕಾಲದಲ್ಲಿ ಅವರ ಮುಂಬಾಗಿಲು ಹೇಗಿದೆಯೆಂದು ನಾನು ನೋಡಿದವಳಲ್ಲ. ಹಿತ್ತಿಲ ಬಾವಿಕಟ್ಟೆಯ ಬಳಿ ಬುಟ್ಟಿ ಇಳಿಸುವುದು, ಅವರ ಹೆಂಡತಿಯ ಜೊತೆ ಬಂಗುಡೆಯ ಬೆಲೆಗೆ ಜಗಳವಾಡುವುದು, ಹೊರಡುವುದು. ಆ ದಿನ ಬುಟ್ಟಿಯಿಲ್ಲದೆ ಮುಂದಿನಿಂದ ಹೋದೆ. ಜಗಲಿಯಲ್ಲಿ ಕೂತಿದ್ದ ಗುಮಾಸ್ತ ಮೂಗು ಮುರಿದು, "ಮೀನಾದರೆ ಹಿಂದಿನಿಂದ ಬಾ" ಎಂದ.

"ಮೀನು ಇಲ್ಲ ಮಾರಾಯರೇ. ನನ್ನ ಗಂಡನನ್ನು ಪೊಲೀಸರು ಹಿಡ್ಕೊಂಡು ಹೋಗಿದ್ದಾರೆ" ಎಂದೆ. ಆ ಮಾತು ನನ್ನ ಕಿವಿಗೇ ಬಿದ್ದ ಮೇಲೆ ಕಂಬ ಹಿಡಿದುಕೊಂಡೆ.

ಹಿಂದಿನ ದಿನ ನಮ್ಮವರು ಗಂಜಿ ಉಣ್ಣುತ್ತಾ ಕೂತಿದ್ದಾಗ ಪೊಲೀಸರು ಒಳಗೇ ನುಗ್ಗಿದ್ದರು. ಕೈ ತೊಳೆಯಲೂ ಬಿಡದೆ ಎಂಜಲು ಕೈಗೇ ಕೋಳ ತೊಡಿಸಿದರು. ನನ್ನ ಗಂಡ ತಾವಾಗಿಯೇ ಅವರ ಹಿಂದೆ ನಡೆದರು. ಆ ಬಟ್ಟಲನ್ನು ನಾನು ಇನ್ನೂ ತೊಳೆದಿರಲಿಲ್ಲ.

ವಕೀಲರನ್ನು ಹಿಡಿ ಎಂದು ಬುದ್ಧಿ ಹೇಳಿದವಳು ನೆರೆಮನೆಯ ಹಬೀಬಾ. ಅವಳ ಗಂಡ ಮೊಯ್ದೀನಬ್ಬನನ್ನು ಬಂದರಿನ ಒಂದು ಹೊಡೆದಾಟದ ಕೇಸಿನಲ್ಲಿ ಪೊಲೀಸರು ಸುಮ್ಮನೆ ಸೇರಿಸಿದಾಗ ಬಿಡಿಸಿ ತಂದವರು ಇದೇ ಮೋಹನದಾಸರು. "ನೀನು ಠಾಣೆಗೆ ಹೋಗಿ ಬಾಯಿ ಮಾಡಬೇಡ ಅಪ್ಪಿ. ಮೊದಲು ವಕೀಲರನ್ನು ಕಾಣು" ಎಂದಿದ್ದಳು. ನನ್ನ ಬಾಯಿ ಎಂಥದ್ದೆಂದು ಅವಳಿಗೆ ಗೊತ್ತು. ನಾನು ಠಾಣೆಗೆ ಹೋಗಲಿಲ್ಲ.

ವಕೀಲರು ಹೊರಗೆ ಬಂದು ನನ್ನನ್ನು ಜಗಲಿಯಲ್ಲಿ ಕೂರಲು ಹೇಳಿದರು. ನಾನು ಮೆಟ್ಟಿಲಲ್ಲೇ ಕೂತು, ಕೊಲೆ ಕೇಸೆಂದು ಹೇಳಿದೆ.

"ಸತ್ತದ್ದು ಯಾರು?"

"ಬೂಬ. ಆಚೆ ದೋಣಿಯವ. ಬಲೆ ಬಿಡುವ ಜಾಗಕ್ಕೆ ಜಗಳ ಆಯ್ತು ಧಣಿಗಳೇ. ದಡದಲ್ಲಿ ಎರಡೂ ದೋಣಿಯವರು ಹೊಡ್ಕೊಂಡರು. ಯಾರದ್ದೋ ಹುಟ್ಟುಗೋಲು ಅವನ ತಲೆಗೆ ಬಿತ್ತು."

"ನಿನ್ನ ಗಂಡ ಪೂವಪ್ಪ ಎಲ್ಲಿದ್ದ?"

"ನಮ್ಮವರು ನೀರಲ್ಲಿ. ದೋಣಿಯನ್ನು ತೆರೆ ಎಳ್ಕೊಂಡು ಹೋಗದ ಹಾಗೆ ಹಿಡ್ಕೊಂಡು ನಿಂತಿದ್ದರು. ಅವರು ದಡಕ್ಕೆ ಬರುವಾಗ ಬೂಬ ಬಿದ್ದಾಗಿತ್ತು."

"ಅದನ್ನು ನೋಡಿದವರು ಉಂಟಾ? ನಿಮ್ಮ ಜನ ಅಲ್ಲದವರು?"

"ಹಾಶಿಂ ಬ್ಯಾರಿ ಮೀನು ಖರೀದಿಗೆ ಅಂತ ಅಲ್ಲೇ ನಿಂತಿದ್ದರು. ಕೇಳಿದರೆ ಹೇಳ್ತಾರೆ."

ವಕೀಲರ ಮುಖ ಸಡಿಲಾಯಿತು. ಈ ಕೇಸು ನಿಲ್ಲುವುದಿಲ್ಲ ಎಂದರು. ಗುಮಾಸ್ತನನ್ನು ಕರೆದು ವಕಾಲತ್ತಿನ ಕಾಗದ ತರಲು ಹೇಳಿದರು. ಪೂವಪ್ಪನ ಹೆಬ್ಬೆಟ್ಟು ಹಾಕಿಸಿಕೊಂಡು ಬಂದರೆ ನಾಳೆಯೇ ಕೋರ್ಟಿನಲ್ಲಿ ನಿಲ್ಲುತ್ತೇನೆ ಎಂದರು. ಹಿಂದಿನ ದಿನದಿಂದ ಕಟ್ಟಿಕೊಂಡಿದ್ದ ಉಸಿರು ನನಗೆ ಆಗ ಬಿಟ್ಟಿತು. ಮೂಗು ಮುರಿದಿದ್ದ ಆ ಗುಮಾಸ್ತನೂ ಒಳ್ಳೆಯವನಂತೆ ಕಂಡ.

"ಪೊಲೀಸರ ಹತ್ತಿರ ಅವನು ಏನಾದರೂ ಒಪ್ಪಿಕೊಂಡನಾ?"

"ಒಪ್ಪಿಕೊಂಡಿರಬಹುದು ಧಣಿಗಳೇ. ತಂಡೇಲ ಅಲ್ವಾ?"

"ಅದಕ್ಕೆ ಹೆದರಬೇಡ. ಪೊಲೀಸರ ಎದುರು ಒಪ್ಪಿಕೊಂಡದ್ದು ಕೋರ್ಟಿನಲ್ಲಿ ಲೆಕ್ಕಕ್ಕಿಲ್ಲ. ಬೇರೆ ಯಾರ ಎದುರೂ ಹೇಳಲಿಲ್ಲವಲ್ಲ?"

ನನಗೆ ನಗುವೇ ಬಂತು. ಇಷ್ಟು ಓದಿದವರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂದುಕೊಂಡೆ. "ಊರ ಹತ್ತು ಸಮಸ್ತರ ಎದುರು ಹೇಳಿದ್ದಾರೆ. ನಮ್ಮಲ್ಲಿ ಎಲ್ಲ ಮುಗಿದು ಆಗಿದೆ" ಎಂದು ನಮ್ಮ ಕ್ರಮವನ್ನು ವಿವರಿಸಿದೆ.

ತಂಡೇಲನೆಂದರೆ ದೋಣಿ ನಡೆಸುವವನು. ಅವನ ದೋಣಿಯ ಯಾವ ಹುಡುಗ ಏನು ಮಾಡಿದರೂ ಆ ತಪ್ಪು ಹೊರಬೇಕಾದವನು ಅವನೇ. ಯಾರ ಹುಟ್ಟು ಯಾರ ತಲೆಗೆ ಬಿತ್ತೆಂದು ನಮ್ಮಲ್ಲಿ ಯಾರೂ ಕೆದಕುವುದಿಲ್ಲ. ಕೆದಕಿದರೆ ನಾಳೆ ಒಂದೇ ದೋಣಿಯಲ್ಲಿ ಕಡಲಿಗಿಳಿಯುವುದು ಹೇಗೆ? ಬೂಬನ ಕಾರ್ಯ ಮುಗಿದ ಮೇಲೆ ಊರಿನ ಮುಖ್ಯಸ್ಥರಾದ ಗುರಿಕಾರರ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ನನ್ನ ಗಂಡ ದೈವದ ದೀಪದ ಮುಂದೆ ನಿಂತು, "ಬೂಬನ ಜೀವ ಹೋದದ್ದು ನನ್ನ ಕೈಯಿಂದ. ತಪ್ಪು ನನ್ನದು" ಎಂದರು. ಬೂಬನ ತಾಯಿ ಅವರ ಕೈಯಿಂದ ವೀಳ್ಯ ತೆಗೆದುಕೊಂಡರು. ಅಲ್ಲಿಗೆ ಹಗೆ ತೀರಿತು. ಅವರು ದನಿ ನಡುಗದೆ ಹೇಳಿದರೆಂದು ನನಗೆ ಹೆಮ್ಮೆಯಾಗಿತ್ತು, ಅದನ್ನೂ ಹೇಳಿದೆ.

ವಕೀಲರು ಪೆನ್ನು ಕೆಳಗಿಟ್ಟರು.

"'ನನ್ನ ಕೈಯಿಂದ' ಅಂತಲೇ ಹೇಳಿದನಾ?"

"ಹಾಗೇ ಹೇಳಬೇಕು. ಅದೇ ಕ್ರಮ."

"ಅಪ್ಪಿ, ಸರಿಯಾಗಿ ಕೇಳು. ಪೊಲೀಸರಿಗೆ ಹೇಳಿದ್ದು ಲೆಕ್ಕಕ್ಕಿಲ್ಲ. ಗುರಿಕಾರರಿಗೆ ಹೇಳಿದ್ದು ಲೆಕ್ಕಕ್ಕುಂಟು. ಅವರು ಕೋರ್ಟಿಗೆ ಬಂದು ಇದೇ ಮಾತು ಹೇಳಿದರೆ ಪೂವಪ್ಪ ಕೊಲೆ ಒಪ್ಪಿಕೊಂಡ ಹಾಗೆ. ಗಲ್ಲಿಗೇ ಹೋಗಬಹುದು."

ಅವರು ಹೇಳಿದ್ದು ನನ್ನ ತಲೆಗೆ ಹೋಗಲಿಲ್ಲ. ಹೋದಾಗ ಮೈಯೆಲ್ಲ ಬೆಂಕಿಯಾಯಿತು. "ಮಾಡದ ತಪ್ಪು ಹೊತ್ತವರನ್ನು ಕೊಲ್ಲುವುದು ಎಂತ ಕೋರ್ಟು ಧಣಿಗಳೇ? ಅವರು ಹೊತ್ತದ್ದು ಊರಿಗೋಸ್ಕರ" ಎಂದು ಅವರ ಮೇಲೆಯೇ ಹರಿಹಾಯ್ದೆ. ಒಳಗಿನಿಂದ ಅವರ ಹೆಂಡತಿ ಇಣುಕಿ ನೋಡಿದರು. ವಕೀಲರು ಸಿಟ್ಟಾಗಲಿಲ್ಲ.

"ಪೊಲೀಸರಿಗೆ ಈ ಸಭೆಯ ವಿಷಯ ಗೊತ್ತುಂಟಾ?"

"ಇರಲಿಕ್ಕಿಲ್ಲ. ತಂಡೇಲ ಅಂತ ಹಿಡ್ಕೊಂಡು ಹೋದದ್ದು."

"ಹಾಗಾದರೆ ಇನ್ನೂ ದಾರಿ ಉಂಟು. ನೀನು ಈಗಲೇ ಹೋಗಿ ಗುರಿಕಾರರಿಗೆ ಹೇಳು. ಯಾರೂ ತಾವಾಗಿ ಠಾಣೆಯ ಕಡೆ ತಲೆ ಹಾಕಬಾರದು."

ನಾನು ಮೆಟ್ಟಿಲಿನಿಂದ ಎದ್ದೆ. ಬೆಳಿಗ್ಗೆ ನಾನೇ ಗುರಿಕಾರರ ಕಾಲು ಹಿಡಿದಿದ್ದೆ. ಠಾಣೆಯವರಿಗೆ ನಮ್ಮ ಕ್ರಮ ಗೊತ್ತಿಲ್ಲ, ವ್ಯಾಜ್ಯ ತೀರಿದ್ದು ಗೊತ್ತಿಲ್ಲ, ನೀವೇ ನಾಲ್ಕು ಹಿರಿಯರೊಂದಿಗೆ ಹೋಗಿ ತಿಳಿಸಿ ನಮ್ಮವರನ್ನು ಬಿಡಿಸಿಕೊಂಡು ಬನ್ನಿ ಎಂದು ಅತ್ತಿದ್ದೆ. ಹಬೀಬಾ ಹೋಗಬೇಡ ಎಂದದ್ದು ನನ್ನಂಥ ಬಾಯಿಬಡುಕಿಗೆ, ತೂಕದ ಮನುಷ್ಯರು ಹೋದರೆ ಕೆಲಸವಾಗುತ್ತದೆ ಎಂದುಕೊಂಡಿದ್ದೆ. ತುಂಬ ಜಾಣತನ ಮಾಡಿದೆನೆಂಬ ಸಮಾಧಾನದಲ್ಲಿಯೇ ಬಿಜೈಯವರೆಗೆ ನಡೆದು ಬಂದಿದ್ದೆ.

ನಾನು ಹೇಳಿ ಮುಗಿಸುವ ಮೊದಲೇ ವಕೀಲರು ಕೋಟನ್ನು ಕೈಯಲ್ಲಿ ಹಿಡಿದು ಅಂಗಳಕ್ಕೆ ಇಳಿದಿದ್ದರು. ಗುಮಾಸ್ತ ಓಡಿಹೋಗಿ ಜಟ್ಕಾ ತಂದ. ಅವರೆದುರು ಕೂತು ಹೋಗುವುದು ಹೇಗೆಂದು ನಾನು ಹಿಂಜರಿದಾಗ "ಹತ್ತು, ಹತ್ತು" ಎಂದು ಗದರಿದರು. ಇಳಿಜಾರಿನಲ್ಲಿ ಕುದುರೆ ಎಷ್ಟು ಓಡಿದರೂ ನನಗೆ ಸಾಲಲಿಲ್ಲ. ಗುರಿಕಾರರು ನಿಧಾನದ ಮನುಷ್ಯ, ಇನ್ನೂ ಹೊರಟಿರಲಿಕ್ಕಿಲ್ಲ ಎಂದು ದಾರಿಯುದ್ದಕ್ಕೂ ಎಲ್ಲ ದೈವಗಳನ್ನೂ ಬೇಡಿಕೊಂಡೆ.

ಠಾಣೆಯ ಮುಂದೆ ಜಟ್ಕಾ ನಿಂತಾಗ ಗುರಿಕಾರರೂ ಹಿರಿಯರೂ ಮೆಟ್ಟಿಲಿಳಿಯುತ್ತಿದ್ದರು. ಒಗೆದ ಮುಂಡು, ಹೆಗಲಲ್ಲಿ ಶಾಲು, ಮದುವೆಗೆ ಹೊರಟವರಂತೆ. ಹಿರಿಯರ ಹಿಂದೆ ಬೂಬನ ತಾಯಿಯೂ ಇದ್ದರು. ಅವರನ್ನು ನಾನು ಕರೆದಿರಲಿಲ್ಲ, ತಾವಾಗಿಯೇ ಬಂದಿದ್ದರು.

"ಎಲ್ಲ ಹೇಳಿ ಆಯ್ತು ಮಗಳೇ" ಎಂದರು ಗುರಿಕಾರರು. ಅವರ ಮುಖ ಬೆಳಗುತ್ತಿತ್ತು. "ಇನ್‌ಸ್ಪೆಕ್ಟರು ಬಹಳ ಮರ್ಯಾದೆಯವರು. ನನಗೆ ಕುರ್ಚಿ ಕೊಟ್ಟರು. ಪೂವಪ್ಪ ಆಡಿದ ಮಾತನ್ನು ಎರಡೆರಡು ಸಲ ಕೇಳಿ ಬರ್ಕೊಂಡರು. ಕೋರ್ಟಿನಲ್ಲೂ ಹೇಳ್ತೀರಾ ಅಂತ ಕೇಳಿದರು. ದೈವದ ಎದುರು ಕೇಳಿದ ಮಾತು, ಎಲ್ಲಿ ಬೇಕಾದರೂ ಹೇಳ್ತೇನೆ ಅಂತ ಭಾಷೆ ಕೊಟ್ಟು ಬಂದೆ."

ವಕೀಲರು ಜಟ್ಕಾದಿಂದ ಒಂದು ಕಾಲು ಕೆಳಗಿಟ್ಟವರು ಹಾಗೆಯೇ ನಿಂತರು. ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಗುರಿಕಾರರಿಗೆ ಹೇಳಬೇಕೆಂದು ಬಾಯಿ ತೆರೆದೆ. ಬಂದರಿನಿಂದ ಬಿಜೈಯವರೆಗೆ ಹೆಸರಾದ ನನ್ನ ಬಾಯಿಯಿಂದ ಒಂದು ಅಕ್ಷರ ಹೊರಡಲಿಲ್ಲ.

ಬೂಬನ ತಾಯಿ ಹತ್ತಿರ ಬಂದು ತನ್ನ ಸೆರಗಿನಿಂದ ನನ್ನ ಕಣ್ಣು ಒರೆಸಿದರು.

"ನಾನೂ ಹೇಳಿದ್ದೇನೆ ಅಪ್ಪಿ. ಪೂವಪ್ಪ ನನ್ನ ಕೈಗೆ ವೀಳ್ಯ ಕೊಟ್ಟು ಒಪ್ಪಿಕೊಂಡಿದ್ದಾನೆ, ನನಗೆ ಇನ್ನು ಹಗೆ ಇಲ್ಲ ಅಂತ. ಅಳಬೇಡ. ಮನೆಗೆ ಹೋಗಿ ಅನ್ನಕ್ಕೆ ಇಡು. ಸಂಜೆಗೆ ಬರ್ತಾನೆ."