ಹಾಕಿ ನೋಡದ ಪೆನ್‌ಡ್ರೈವ್

ಸುಳ್ಯದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನ ಹೆಂಡತಿ ಇಂಟರ್ನೆಟ್ಟಿಗಾಗಿ ಬೇರೆಯವರ ಮನೆ ಮೆಟ್ಟಿಲು ಹತ್ತುವುದೇ? ಕೀರ್ತನನಿಗೆ ಅದು ಮರ್ಯಾದೆಯ ಪ್ರಶ್ನೆ. ತೃಷಾಳ ಪಿಎಚ್‌ಡಿ ವೈವಾ ಆನ್‌ಲೈನಿನಲ್ಲಿ ಎಂದು ತಿಳಿದಾಗ ಅವಳ ಗೈಡ್ ಭವಿತಾ ಮೇಡಂ, "ಪುತ್ತೂರಿಗೆ ನಮ್ಮ ಮನೆಗೇ ಬಾ, ಇಲ್ಲಿ ನೆಟ್ ಒಳ್ಳೆದುಂಟು" ಎಂದು ಕರೆದಿದ್ದರು. ಅವಳಿಗೂ ಮನಸ್ಸಿತ್ತು. ಇವನು ಬಿಡಬೇಕಲ್ಲ!

ಕೇರಳದ ಗಡಿಗೆ ತಾಗಿದ ಮಂಡೆಕೋಲಿನ ಅವರ ಮನೆಯಲ್ಲಿ ಮೊಬೈಲ್ ನಂಬುವ ಹಾಗಿಲ್ಲ. ಸಿಗ್ನಲ್ ಬಂದರೆ ಬಂತು, ಬಂದದ್ದೂ ಒಮ್ಮೊಮ್ಮೆ ಆಚೆಯ ಟವರಿನದು. ಕೇಬಲ್ಲಿನ ನೆಟ್ ಇತ್ತು. ಕಂಪೆನಿಯವರ ರೂಟರನ್ನು "ಆಟದ ಸಾಮಾನು" ಎಂದು ಹಿಂದಕ್ಕೆ ಕೊಟ್ಟು, ಹಳೆಯ ಸಿಪಿಯು ಒಂದಕ್ಕೆ ಲಿನಕ್ಸ್ ಹಾಕಿ ಕೀರ್ತನ್ ತಾನೇ ರೂಟರ್ ಮಾಡಿದ್ದ. ಅದು ಕೈಕೊಟ್ಟರೆ ಇರಲಿ ಎಂದು ಇನ್ನೊಂದು ಸಿಪಿಯು, ಅದನ್ನು ಎಬ್ಬಿಸಲು ಅದೇ ಲಿನಕ್ಸ್ ತುಂಬಿದ ಒಂದು ಪೆನ್‌ಡ್ರೈವ್.

"ಹಾಕಿ ನೋಡಿದ್ದೀರಾ?" ಎಂದು ತೃಷಾ ಕೇಳಿದ್ದಳು.

"ನೋಡಿದ್ದೇನೆ ಮಾರಾಯ್ತಿ. ನೀನು ಓದು."

ನೋಡಿರಲಿಲ್ಲ. ಓಡುತ್ತಿರುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಇದನ್ನು ಹಚ್ಚಬೇಕಿತ್ತು, ಅಷ್ಟೇ. ಉದಾಸೀನ. ಅಂಗಡಿಗೆ ಬಂದವರಿಗೆಲ್ಲ "ಪರೀಕ್ಷೆ ಮಾಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ" ಎಂದು ಪಾಠ ಹೇಳುವವನೇ ಇವನು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತಂತೆ.

ವೈವಾದ ದಿನ ತೃಷಾ ಗಿಡ್ಡ ತಳಿಯ ದನಗಳ ಬಗ್ಗೆ ನಿರರ್ಗಳವಾಗಿ ಹೇಳುತ್ತಿದ್ದಳು. ಆ ಸಂಶೋಧನೆಗಾಗಿ ಮಗುವನ್ನು ಅತ್ತೆಯ ಕೈಲಿಟ್ಟು ಬಿಸಿಲು ಮಳೆಯೆನ್ನದೆ ಕೊಯಿಲದ ದನಗಳ ಫಾರ್ಮಿಗೆ ಓಡಾಡಿದವಳು. ಇದು ಮುಗಿದರೆ ಕಾಲೇಜಿನಲ್ಲಿ ಕೆಲಸ ಖಾತ್ರಿ. ಪರೀಕ್ಷಕರು ಎರಡನೆಯ ಪ್ರಶ್ನೆ ಎತ್ತಿದ್ದರಷ್ಟೆ, ರೂಟರ್ ಟಪ್ಪೆಂದು ಸುಟ್ಟ ವಾಸನೆ ಬಿಟ್ಟು ಸತ್ತಿತು.

ಕೀರ್ತನ್ ಒಳಗೊಳಗೇ ಹಿಗ್ಗಿದ. ಅವನ ಬ್ಯಾಕಪ್ಪಿಗೆ ಈಗ ಬೆಲೆ ಬಂತು! ವಯರುಗಳನ್ನು ಬದಲಿಸಿ ಪೆನ್‌ಡ್ರೈವ್ ಚುಚ್ಚಿದ. ಪರದೆಯ ಮೇಲೆ ಅಕ್ಷರಗಳು ಓಡಿದವು, ನಿಂತವು. ನೆಟ್ ಬರಲಿಲ್ಲ.

ಕಾರಣ ಅವನಿಗೆ ತಕ್ಷಣ ಹೊಳೆಯಿತು. ವಯರು ಚುಚ್ಚುವ ಯಾವ ಕಿಂಡಿ ಮನೆಯ ಒಳಗಿನ ನೆಟ್ಟಿನದು, ಯಾವುದು ಹೊರಗಿನದು ಎಂದು ಪೆನ್‌ಡ್ರೈವಿನಲ್ಲಿ ಬರೆದಿದ್ದ. ಬರೆದದ್ದು ಸುಟ್ಟುಹೋದ ಸಿಪಿಯುವಿನ ಕಿಂಡಿಗಳ ಹೆಸರು. ಇದರಲ್ಲಿ ಆ ಹೆಸರುಗಳೇ ಇಲ್ಲ. ಒಮ್ಮೆ ಹಾಕಿ ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು. ತಿದ್ದಲು ಕುಳಿತ. ಅವಸರದಲ್ಲಿ ಒಂದು ಅಕ್ಷರ ಒತ್ತಿದರೆ ಇನ್ನೊಂದು ಬಿತ್ತು.

ತೃಷಾ ಬಾಗಿಲಲ್ಲಿ ನಿಂತಿದ್ದಳು. "ಪಕ್ಕದ ಸಫಿಯಾಕ್ಕನ ಮನೆಗೆ ಹೋಗ್ಲಾ? ಅಲ್ಲಿ ನೆಟ್ ಉಂಟು. ನೀವು ಇದನ್ನು ಹಾಕಿ ನೋಡಿದ್ದೀರಿ ಅಲ್ವಾ?"

ನಿಜ ಹೇಳಲು ಅದೇ ಸಮಯ. "ನೋಡಿದ್ದೆ. ಆಗ ಸರಿ ಇತ್ತು. ಈಗ ಬರ್ತದೆ, ನಿಲ್ಲು" ಎಂದ. ಅವಳು ನಂಬಿ ನಿಂತಳು. ಗಂಡನ ಮಾತು ನಂಬಿ ಸುಮ್ಮನೆ ನಿಂತ ಆ ಮುಖವನ್ನು ನೋಡಲು ಅವನಿಗೆ ನಾಚಿಕೆಯಾಯಿತು.

ಅಂಗಳದ ಮೂಲೆಯಲ್ಲಿ ಹೇಗೋ ಸಿಗ್ನಲ್ ಹಿಡಿದ ಅವಳ ಫೋನಿಗೆ ಭವಿತಾ ಮೇಡಂ ಕರೆ ಮಾಡಿದರು. ಪರೀಕ್ಷಕರು ಎದ್ದು ಹೋಗುತ್ತಾರಂತೆ. ಹೋದರೆ ಮತ್ತೆ ಯಾವಾಗ ಸಿಗುತ್ತಾರೋ. ತೃಷಾಳ ಕಣ್ಣಲ್ಲಿ ನೀರು ಕಂಡಾಗ ಕೀರ್ತನ್ ಬಾಯಿ ಬಿಟ್ಟ.

"ತೃಷಾ, ನಾನು ಹಾಕಿ ನೋಡ್ಲೇ ಇಲ್ಲ. ಸುಳ್ಳು ಹೇಳಿದ್ದು."

ಅವಳು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು, ಸೀರೆ ಎತ್ತಿಹಿಡಿದು, ಪಕ್ಕದ ಮನೆಯತ್ತ ಓಡಿದಳು. ಚಾರ್ಜರ್ ಹಿಡಿದು ಇವನೂ ಹಿಂದೆ ಓಡಿದ. ಸಫಿಯಾ ಮಕ್ಕಳನ್ನು ಅಡುಗೆಮನೆಗೆ ಕಳಿಸಿ, ಮೇಜು ಒರೆಸಿ ಜಾಗ ಮಾಡಿಕೊಟ್ಟಳು. ಒಳಗೆ ಹೋಗಲು ಮುಖವಿಲ್ಲದೆ ಕೀರ್ತನ್ ಜಗಲಿಯಲ್ಲೇ ಉಳಿದ.

"ಕ್ಷಮಿಸಿ ಸರ್," ಎನ್ನುತ್ತಿದ್ದಳು ತೃಷಾ. "ನಮ್ಮ ಯಜಮಾನರು ಎಲ್ಲ ಪರೀಕ್ಷೆ ಮಾಡಿಯೇ ಇಟ್ಟಿದ್ದರು. ಆದರೂ ಹೀಗಾಯಿತು."

ಪ್ರಶ್ನೆಗಳು ಮುಂದುವರಿದವು. ಕೊನೆಗೆ ಹಿರಿಯ ಪರೀಕ್ಷಕರು "ಅಭಿನಂದನೆ, ಡಾಕ್ಟರ್ ತೃಷಾ" ಎನ್ನುವಾಗ ಬ್ಯಾಟರಿ ಮುಗಿಯುತ್ತಾ ಬಂದಿತ್ತು. ಅವಳು ಜಗಲಿಯತ್ತ ತಿರುಗಿ ಚಾರ್ಜರಿಗೆ ಕೈಚಾಚಿದಳು. ಕೀರ್ತನ್ ತಲೆ ತಗ್ಗಿಸಿ ಒಳಗೆ ಬಂದ.

"ಇವರೇನಾ ಯಜಮಾನರು? ಇಷ್ಟು ಕಾಳಜಿಯ ಗಂಡ ಸಿಗುವುದು ಅಪರೂಪಮ್ಮ" ಎಂದರು ಹಿರಿಯ ಪರೀಕ್ಷಕರು.

ಪರದೆಯಲ್ಲಿದ್ದವರೆಲ್ಲ ನಕ್ಕು ಚಪ್ಪಾಳೆ ತಟ್ಟಿದರು. ಕೀರ್ತನ್ ಅವರಿಗೆ ಕೈಮುಗಿಯಬೇಕಾಯಿತು.

ಪರದೆ ಮುಚ್ಚಿದ ಮೇಲೆ ತೃಷಾ ಮೆಲ್ಲನೆ ಹೇಳಿದಳು: "ನಾನು ಡಾಕ್ಟರ್ ಆದ ದಿವಸವೇ ನನ್ನ ಬಾಯಿಂದ ಸುಳ್ಳು ಹೇಳಿಸಿದ್ರಿ."