ಮೀನಖಂಡದ ಉಪ್ಪು

"ಕಾಲು ಅಲ್ಲಾಡಿಸ್ಬೇಡಿ ಅಮ್ಮ, ಇಪ್ಪತ್ತು ನಿಮಿಷ ಅಷ್ಟೇ," ಎಂದ ಸ್ಕ್ಯಾನ್ ಮಾಡುವ ಉಮಾಶಂಕರ್. ಆದಿಲಕ್ಷ್ಮಮ್ಮನ ಮೀನಖಂಡದ ಕೆಳಗೆ ಅವನು ನಾಲ್ಕು ಸಣ್ಣ ಕೊಳವೆಗಳನ್ನು ಇಟ್ಟಿದ್ದ.

"ಅದ್ರಲ್ಲೇನಪ್ಪ ಇರೋದು?"

"ಉಪ್ಪುನೀರು. ಒಂದೊಂದ್ರಲ್ಲೂ ಒಂದೊಂದು ಅಳತೆ. ನಿಮ್ಮ ಕಾಲಲ್ಲಿರೋ ಉಪ್ಪನ್ನ ಇದ್ರ ಜೊತೆ ಹೋಲಿಸಿ ನೋಡ್ತೀವಿ."

"ನಾಲಿಗೆ ಮೇಲೆ ಒಂದೊಂದ್ ತೊಟ್ಟು ಬಿಡು. ಯಾವ್ದು ಎಷ್ಟು ಅಂತ ನಾನೇ ಹೇಳ್ತೀನಿ."

ಉಮಾಶಂಕರ್ ನಕ್ಕ. ಪಾಪ, ಅವನಿಗೇನು ಗೊತ್ತು. ಶ್ರೀನಿವಾಸಪುರದ ಅವಳ ಬೀದಿಯಲ್ಲಿ ಮೂವತ್ತು ವರ್ಷಗಳಿಂದ ಆದಿಲಕ್ಷ್ಮಮ್ಮ ರುಚಿ ನೋಡದೆ ಯಾರೂ ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿದವರಲ್ಲ. ಮೂರು ತಿಂಗಳ ಹಿಂದೆ ರಕ್ತದೊತ್ತಡ ಇಳಿಯದೆ ಕಾಲು ಊದಿಕೊಂಡಾಗ, ಕೋಲಾರದ ಈ ಆಸ್ಪತ್ರೆಯ ಡಾಕ್ಟರು ಅವಳನ್ನು ತಮ್ಮ ಸಂಶೋಧನೆಗೆ ಸೇರಿಸಿಕೊಂಡು, ಮೈಯೊಳಗೆ ಅವಿತ ಉಪ್ಪಿನ ಚಿತ್ರ ತೆಗೆಸಿದ್ದರು. ಉಪ್ಪು ತುಂಬಿದ ಕಾಲು ತೆರೆಯ ಮೇಲೆ ಬೆಳ್ಳಗೆ ಹೊಳೆದಿತ್ತು. ಅಂದಿನಿಂದ ಸಪ್ಪೆ ಮುದ್ದೆ, ಸಪ್ಪೆ ಸಾರು. ಈ ಸಲ ಉಪ್ಪು ಇಳಿದಿದ್ದರೆ ಮಾತ್ರ ಉಪ್ಪಿನಕಾಯಿಯ ರುಚಿ ನೋಡಬಹುದು ಎಂದಿದ್ದರು. ಮನೆಯಲ್ಲಿ ಸೊಸೆ ಶೋಭಾರಾಣಿ ಮಾವಿನಕಾಯಿ ಹೆಚ್ಚಿಟ್ಟು ಕಾಯುತ್ತಿದ್ದಳು.

ಯಂತ್ರ ಟಕಟಕ ಎನ್ನತೊಡಗಿತು. ಆದಿಲಕ್ಷ್ಮಮ್ಮ ಕಣ್ಣು ಮುಚ್ಚಿದಳು. ಸದ್ದು ಮೆಲ್ಲಗೆ ಮಾವಿನಕಾಯಿ ಹೋಳು ಮಾಡುವ ಕತ್ತಿಯ ಸದ್ದಾಯಿತು. ತೋಪಿನ ನೆರಳಿನಲ್ಲಿ ಬೀದಿಯ ಹೆಂಗಸರೆಲ್ಲ ಕೂತಿದ್ದರು, ತೀರಿಹೋದವರೂ ಇದ್ದರು. ಅವಳ ಕಾಲಿನಿಂದ ಉಪ್ಪು ಹರಳು ಹರಳಾಗಿ ಎದ್ದು, ಗಾಳಿಯಲ್ಲಿ ತೇಲಿ, ಒಬ್ಬೊಬ್ಬರ ಜಾಡಿಗೂ ಇಳಿಯುತ್ತಿತ್ತು. ಮೈ ಹಗುರವಾಯಿತು. ಅಲ್ಲಿಂದ ಏಳುವ ಮನಸ್ಸೇ ಅವಳಿಗಿರಲಿಲ್ಲ.

"ಮುಗೀತಮ್ಮ. ನೋಡಿ, ಬಿಳುಪು ಎಷ್ಟು ಕಮ್ಮಿ ಆಗಿದೆ!"

ಡಾಕ್ಟರೂ ಬಂದು ನೋಡಿ, ಬೆರಳ ತುದಿಯಷ್ಟು ರುಚಿಗೆ ಒಪ್ಪಿದರು.

ಬಸ್ಸಿಳಿದು ಬಂದವಳೇ ಕಾಲು ತೊಳೆದು ನೇರ ಅಡುಗೆಮನೆಗೆ ಹೋದಳು. ಬೀದಿಯ ನಾಲ್ಕೈದು ಹೆಂಗಸರು ಆಗಲೇ ಉಪ್ಪಿನಕಾಯಿ ಕಲೆಸಿದ ಬೋಗುಣಿಯ ಸುತ್ತ ಕೂತಿದ್ದರು.

"ಅತ್ತೆ, ನೀವ್ ಹೇಳ್ಕೊಟ್ಟ ಅಳತೇನೇ ಹಾಕಿದ್ದೀನಿ. ನೋಡಿ," ಎಂದಳು ಶೋಭಾರಾಣಿ.

ಆದಿಲಕ್ಷ್ಮಮ್ಮ ಬೆರಳು ಅದ್ದಿ ನಾಲಗೆಗೆ ಇಟ್ಟಳು. ಬಾಯೆಲ್ಲ ಉರಿದುಹೋಯಿತು. ಉಪ್ಪು, ಬರೀ ಉಪ್ಪು. ಶೋಭಾರಾಣಿ ಅಳತೆ ತಪ್ಪುವವಳಲ್ಲ. ತಪ್ಪಿದ್ದು ಸಪ್ಪೆಗೆ ಒಗ್ಗಿಹೋದ ತನ್ನ ನಾಲಗೆ. ಅವಳಿಗೆ ಅಳು ಬಂತು. ಖಾರವೆಂದು ಹೇಳಿ ಕಣ್ಣೊರೆಸಿಕೊಂಡಳು.

"ಸರಿ ಐತಾ ಅತ್ತೆ?"

ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಬೋಗುಣಿಯನ್ನು ಸೊಸೆಯ ಕಡೆ ಸರಿಸಿದಳು.

"ಇನ್ಮೇಲೆ ನೀನೇ ನೋಡಮ್ಮ."

ಶೋಭಾರಾಣಿ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಹೆದರುತ್ತಲೇ ಒಂದು ಚೂರು ಬಾಯಿಗಿಟ್ಟಳು. ಆದಿಲಕ್ಷ್ಮಮ್ಮ ಉಳಿದ ಹೆಂಗಸರ ಜೊತೆ ಕೂತು, ಸೊಸೆಯ ಮುಖ ನೋಡುತ್ತಾ ಕಾದಳು.