ಫ್ರಿಜ್ಜಿನೊಳಗಿನ ಡಬ್ಬಿ

ಮನೆಗೆಲಸದ ಲಾಸ್ತ್ರಿ ಮೇಜಿನ ಸುತ್ತ ಬಂದು ಮನೆಯೊಡತಿ ವೆನಿಂಗ್, ಅತಿಥಿ ಹೊತ್ಮಾನ್ ಇಬ್ಬರ ಫೋನುಗಳನ್ನೂ ಎತ್ತಿಕೊಂಡಳು. ತನ್ನದನ್ನೂ ಸೇರಿಸಿ ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಫ್ರಿಜ್ಜಿನಲ್ಲಿ ಸೋಯಾಕಾಳಿನ ತೆಂಪೆಯ ಪಕ್ಕ ಇಟ್ಟಳು. ಗುಪ್ತಚರ ಸಂಸ್ಥೆಗಳ ಮೇಲೆ ಕಣ್ಣಿಡುವ ಸಂಸತ್ ಸಮಿತಿಗೆ ವೆನಿಂಗ್ ಸೇರಿದಾಗಿನಿಂದ ಜಕಾರ್ತಾದ ಈ ಮನೆಯಲ್ಲಿ, ಫೋನಿನ ಮೂಲಕ ಯಾರೂ ಕದ್ದು ಕೇಳದಿರಲೆಂದು, ಅದೇ ಪದ್ಧತಿ. ಫ್ರಿಜ್ಜಿನ ಬಾಗಿಲು ಮುಚ್ಚಿದ ಮೇಲೆಯೇ ಹೊತ್ಮಾನ್ ಬಾಯಿ ತೆರೆದ. ಅವನೂ ಅದೇ ಸಮಿತಿಯ ಸದಸ್ಯ.

"ಅಕ್ಕ, ಇವತ್ತಿನ ಗುಪ್ತ ಸಭೇಲಿ ಪ್ರಶ್ನೆ ಕೇಳೋಕೆ ಒಬ್ಬೊಬ್ಬರಿಗೆ ಒಂದೇ ಸರದಿ. ಸಂಸ್ಥೆಯ ಗುಪ್ತ ಖರ್ಚಿನ ಬಗ್ಗೆ ಮೊದಲು ಕೇಳಿ. ಆಮೇಲೆ ಫೋನ್ ಕದ್ದು ಕೇಳೋದು. ಕಾಣೆಯಾದವರ ವಿಷಯ ಕೊನೆಗಿರಲಿ."

"ಕೊನೆಗೆ ಅಂದ್ರೆ ಯಾವತ್ತೂ ಇಲ್ಲ ಅಂತ. ಇವತ್ತು ಅದೇ ಮೊದಲು," ಎಂದಳು ವೆನಿಂಗ್.

"ಸಮಿತಿ ನಡೆಯೋದು ನಿಮ್ಮ ಅಡುಗೆಮನೆಯಿಂದ ಅಂತ ಜನ ನಗ್ತಾರೆ."

"ನಗಲಿ. ನೀನೂ ಆ ಅಡುಗೆಮನೇದೇ ಎರಡನೇ ತಟ್ಟೆ ತಿಂತಿದೀಯ."

ಹೊತ್ಮಾನ್ ನಗುತ್ತ ಇನ್ನಷ್ಟು ಖಾರದ ಸಂಬಲ್ ಚಟ್ನಿ ಹಾಕಿಕೊಂಡ. ಆಮೇಲೆ ದನಿ ತಗ್ಗಿಸಿದ. "ಸಭೆ ಒಳಗೆ ಕೇಳಿದ್ದು ಒಂದು ಮಾತು ಹೊರಗೆ ಬಂದ್ರೂ ನಿಮ್ಮನ್ನ ತೆಗೀತಾರೆ. ಕಾಣೆಯಾದ ಮಿಕ್ಕವರ ಮನೆಯವರ ಪರ ಕೇಳೋಕೆ ಆಮೇಲೆ ಯಾರೂ ಇರಲ್ಲ, ಅಕ್ಕ."

ಲಾಸ್ತ್ರಿ ಅವನ ಲೋಟಕ್ಕೆ ಚಹಾ ಸುರಿದಳು. ಅವಳ ತಮ್ಮ ಗಿಯೊ ಊರಿನ ಗಣಿಯ ವಿರುದ್ಧ ಧರಣಿ ಕೂತಿದ್ದ. ಹೋದ ವರ್ಷ ಅವನನ್ನು ಕಾರಿಗೆ ಹತ್ತಿಸಿಕೊಂಡು ಹೋದವರು ಯಾರೆಂದು ಯಾರೂ ಹೇಳಲಿಲ್ಲ. ಸತ್ತವರಿಗೆ ಓದಿಸುವ ಕುರಾನಿನ ಯಾಸಿನ್ ಅಧ್ಯಾಯವನ್ನು ಅವನಿಗೂ ಓದಿಸಿಬಿಡಿ ಎಂದು ನೆರೆಯವರು ಹೇಳಿದರೆ, "ಬದುಕಿರೋನಿಗೆ ಓದಿಸ್ತಾರಾ?" ಎಂದು ಊರಲ್ಲಿ ಅಮ್ಮ ಜಗಳಕ್ಕೆ ನಿಲ್ಲುತ್ತಿದ್ದಳು.

ಪ್ರತಿ ಸಭೆ ಮುಗಿಸಿ ಬಂದಾಗಲೂ ವೆನಿಂಗ್ ಬಾಗಿಲಲ್ಲೇ ಚಪ್ಪಲಿ ಬಿಡುತ್ತ, "ಅವರು ಗಿಯೊ ವಿಷಯ ಏನೂ ಹೇಳಲಿಲ್ಲ, ಲಾಸ್ತ್ರಿ" ಅನ್ನುತ್ತಿದ್ದಳು. ಏನೂ ಹೇಳದಿದ್ದುದನ್ನು ಹೇಳಲು ಅಡ್ಡಿಯಿರಲಿಲ್ಲ.

ಆ ದಿನ ಇಬ್ಬರೂ ಸಭೆಗೆ ಹೋದ ಮೇಲೆ ಲಾಸ್ತ್ರಿಗೆ ಒಂದು ಕಡೆ ನಿಲ್ಲಲಾಗಲಿಲ್ಲ. ತೊಳೆದ ಬಾಣಲೆಯನ್ನೇ ಮತ್ತೆ ತೊಳೆದಳು. ಗೇಟಿಗೆ ಹೋದಳು, ಬಂದಳು. ತೆಂಪೆ ಹುರಿಯಲಿಟ್ಟು ಮತ್ತೆ ಗೇಟಿಗೆ ಹೋದಾಗ ಅದು ಸೀದುಹೋಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಾರು ಬಂತು. ವೆನಿಂಗ್ ಒಬ್ಬಳೇ ಇಳಿದಳು. ಚಪ್ಪಲಿ ಬಿಟ್ಟಳು. ಎಂದಿನ ಆ ಮಾತು ಬರಲಿಲ್ಲ.

ನೇರ ಅಡುಗೆಮನೆಗೆ ಬಂದು ಡಬ್ಬಿ ತೆಗೆದಳು. ತನ್ನ ಫೋನನ್ನೂ, ಕಪಾಟಿನ ಮೇಲಿದ್ದ ಲಾಸ್ತ್ರಿಯ ಫೋನನ್ನೂ ಅದರೊಳಗೆ ಹಾಕಿ, ಮುಚ್ಚಳ ಒತ್ತಿ, ಫ್ರಿಜ್ಜಿನಲ್ಲಿಟ್ಟಳು. ಆಮೇಲೆ ಬಾಗಿಲ ಮೇಲೆ ಕೈಯೂರಿ ಹಾಗೇ ನಿಂತಳು. ಹೇಳಬಾರದ್ದೇನೋ ಇದೆ ಎಂದು ತಾನೇ ತೋರಿಸಿಕೊಟ್ಟದ್ದು ಅವಳಿಗೆ ಆಗಲೇ ಹೊಳೆದಂತಿತ್ತು. ಮನೆಯಲ್ಲಿ ಅವರಿಬ್ಬರ ಹೊರತು ಯಾರೂ ಇರಲಿಲ್ಲ.

ಲಾಸ್ತ್ರಿ ತಟ್ಟೆಯಿಟ್ಟು ಅನ್ನ ಬಡಿಸಿದಳು.

"ನೀನೂ ಕೂತ್ಕೋ," ಎಂದಳು ವೆನಿಂಗ್.

ಲಾಸ್ತ್ರಿ ಕೂರಲಿಲ್ಲ. ಫ್ರಿಜ್ಜಿನೊಳಗೆ ಡಬ್ಬಿ ಗುರ್ ಗುರ್ ಎಂದು ಅದುರತೊಡಗಿತು. ಸಭೆಯ ದಿನ ಈ ಹೊತ್ತಿಗೆ ಊರಿನಿಂದ ಫೋನ್ ಮಾಡುವವಳು ಅಮ್ಮ ಒಬ್ಬಳೇ. ಇಬ್ಬರೂ ಬಾಗಿಲು ತೆಗೆಯಲು ಹೋಗಲಿಲ್ಲ.

"ಎಲ್ಲಿ, ಹೇಗೆ, ಯಾರು ಅಂತೆಲ್ಲ ಕೇಳಲ್ಲ, ಅಮ್ಮಾವ್ರೇ," ಎಂದಳು ಲಾಸ್ತ್ರಿ. "ಯಾಸಿನ್ ಓದಿಸ್ಲಾ, ಬೇಡ್ವಾ? ಅಷ್ಟು ಹೇಳಿ."

ಡಬ್ಬಿ ಅದುರುವುದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.